ಸದ್ದು ತಗ್ಗಿಸಲು ಹೋಗಿ ನೀರು ನಿಂತ ಬಾಗಿಲುಗಳು: ಆಗುಂಬೆ ದಾರಿಯ ಒಂದು ಕಾರಿನ ಪ್ರಕರಣ ಅಧ್ಯಯನ

ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169ಎಯಲ್ಲಿ ವಾರ ವಾರ ಓಡಾಡುವ ಹಳೆಯ ಡೀಸೆಲ್ ಹ್ಯಾಚ್‌ಬ್ಯಾಕ್ ಕಾರೊಂದು ಈ ಅಧ್ಯಯನದ ವಸ್ತು. ಅದರ ಮಾಲೀಕರು ಪ್ರೌಢಶಾಲೆಯ ಅಧ್ಯಾಪಕರು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಿನ ಪಕ್ಕದಲ್ಲಿ ಇದ್ದುಕೊಂಡು, ಮನೆಯ ಮುಂದೆ ಸೂರಿಲ್ಲದ ಅಂಗಳದಲ್ಲಿಯೇ ಅವರು ಕಾರು ನಿಲ್ಲಿಸುತ್ತಾರೆ. ಪುಷ್ಯ ಮಳೆ ಬಿಡದೆ ಹಿಡಿದಿದ್ದ ದಿನಗಳಲ್ಲಿ ಅವರು ಕಾರನ್ನು ತೀರ್ಥಹಳ್ಳಿಯ ಗ್ಯಾರೇಜಿಗೆ ತಂದಾಗ ಹೇಳಿದ ತೊಂದರೆಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದವು. ಎಡಗಡೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಸದಾ ಒದ್ದೆಯಾಗಿರುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಬೂಷ್ಟು ವಾಸನೆ ಬರುತ್ತಿತ್ತು. ಆ ಬದಿಯ ಪವರ್ ವಿಂಡೋ ಸ್ವಿಚ್ಚು ಮನಸ್ಸು ಬಂದಾಗ ಮಾತ್ರ ಕೆಲಸ ಮಾಡುತ್ತಿತ್ತು. ಇವೆಲ್ಲದರ ಮೇಲೆ, ಬಾಗಿಲುಗಳ ಗಡಗಡ ಸದ್ದು ಮೊದಲಿಗಿಂತ ಹೆಚ್ಚಾಗಿತ್ತು.

ಈ ಕೊನೆಯ ತೊಂದರೆಯೇ ಪ್ರಕರಣದ ಮೂಲ. ಅದೇ ಬೇಸಿಗೆಯಲ್ಲಿ ಅವರು ಬಾಗಿಲುಗಳ ಸದ್ದು ತಡೆಯಲಾರದೆ, ನಗರವೊಂದರ ಆಕ್ಸೆಸರೀಸ್ ಅಂಗಡಿಯಲ್ಲಿ ನಾಲ್ಕೂ ಬಾಗಿಲುಗಳಿಗೆ ‘ಡ್ಯಾಂಪಿಂಗ್’, ಅಂದರೆ ತಗಡಿನ ಕಂಪನ ತಗ್ಗಿಸುವ ಹಾಳೆ ಅಂಟಿಸುವ ಕೆಲಸ, ಮಾಡಿಸಿದ್ದರು. ಆಗ ಬಾಗಿಲು ಹಾಕಿದರೆ ದೊಡ್ಡ ಕಾರಿನ ಬಾಗಿಲಿನಂತೆ ತೂಕದ ಸದ್ದು ಬರುತ್ತಿತ್ತು, ಸ್ಪೀಕರಿನ ದನಿಯೂ ತುಂಬಿಕೊಂಡಿತ್ತು. ಆರಿದ್ರಾ ಮಳೆ ಶುರುವಾದ ಮೇಲೆ ಒಂದೊಂದೇ ತೊಂದರೆ ಕಾಣಿಸಿಕೊಂಡಿತು. ಘಾಟಿಯ ತಿರುವುಗಳಲ್ಲಿ ಬ್ರೇಕ್ ಒತ್ತಿದಾಗ ಎಡ ಬಾಗಿಲಿನೊಳಗೆ ನೀರು ಕುಲುಕಿದ ಸದ್ದು ಕೇಳಿಸುತ್ತದೆ ಎಂದು ಅವರ ಪತ್ನಿ ಹೇಳಿದ ಮಾತನ್ನು ಮೊದಮೊದಲು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲವಂತೆ. ಕಡೆಗೆ ನೋಡಿದರೆ ಇಡೀ ಪ್ರಕರಣದ ಅತ್ಯಂತ ಖಚಿತವಾದ ಸುಳಿವು ಅದೇ ಆಗಿತ್ತು.

ಬಾಗಿಲಿನ ಒದ್ದೆ ಬದಿ ಮತ್ತು ಒಣ ಬದಿ

ಮುಂದಿನ ವಿವರ ಅರ್ಥವಾಗಬೇಕಾದರೆ ಕಾರಿನ ಬಾಗಿಲು ನೀರನ್ನು ಹೇಗೆ ನಿಭಾಯಿಸುತ್ತದೆ ಎಂಬುದನ್ನು ಹೇಳಬೇಕು. ಏಕೆಂದರೆ ಬಾಗಿಲಿನೊಳಕ್ಕೆ ನೀರು ಬರಲೇಬಾರದು ಎಂಬ ನಂಬಿಕೆ ಕಾರಿನ ಮಾಲೀಕರಲ್ಲಷ್ಟೇ ಅಲ್ಲ, ಸದ್ದು ತಗ್ಗಿಸುವ ಕೆಲಸ ಮಾಡುವ ಹಲವರಲ್ಲಿಯೂ ಇದೆ. ಗಾಜಿನ ಹೊರಬದಿಗೆ ಒರಗಿಕೊಂಡಿರುವ ಉದ್ದನೆಯ ರಬ್ಬರ್ ಪಟ್ಟಿ ಹೆಚ್ಚಿನ ನೀರನ್ನು ಒರೆಸಿ ಹೊರಗೆ ತಳ್ಳುತ್ತದೆ, ಎಲ್ಲವನ್ನೂ ಅಲ್ಲ. ಉಳಿದದ್ದು ಗಾಜಿನ ಮೇಲೆ ಹರಿದು ಬಾಗಿಲಿನ ಹೊಟ್ಟೆಗೆ ಇಳಿಯುತ್ತದೆ, ಹೊರ ತಗಡಿನ ಒಳಮೈಯಲ್ಲಿ ಜಾರಿ ತಳಕ್ಕೆ ಬರುತ್ತದೆ, ಅಲ್ಲಿರುವ ಎರಡು ಮೂರು ಸಣ್ಣ ತೂತುಗಳಿಂದ ರಸ್ತೆಗೆ ಸೋರಿಹೋಗುತ್ತದೆ. ಹೊಸ ಕಾರಿನಲ್ಲಿಯೂ ಹೀಗೆಯೇ.

ಹೊರ ತಗಡಿಗೂ ನಾವು ಕೂರುವ ಕೋಣೆಯ ಕಡೆಯ ಒಳ ತಗಡಿಗೂ ನಡುವಿನ ಈ ಟೊಳ್ಳು, ಆದ್ದರಿಂದ, ಒದ್ದೆಯ ಜಾಗ. ಒಳ ತಗಡಿನಲ್ಲಿ ಗಾಜಿನ ಯಂತ್ರ, ಲಾಕು ಮುಂತಾದವುಗಳನ್ನು ಕೂರಿಸುವುದಕ್ಕೆ ದೊಡ್ಡ ದೊಡ್ಡ ಕಿಂಡಿಗಳಿರುತ್ತವೆ. ಆ ಕಿಂಡಿಗಳ ಮೇಲೆ, ಡೋರ್ ಪ್ಯಾಡಿನ (ಬಾಗಿಲಿನ ಒಳಬದಿಗೆ ಕಾಣುವ ಹೊದಿಕೆ) ಹಿಂದೆ, ಕಂಪನಿಯವರು ಒಂದು ಪ್ಲಾಸ್ಟಿಕ್ ಹಾಳೆಯನ್ನು ಬ್ಯುಟೈಲ್ ಎಂಬ ರಬ್ಬರ್ ಜಾತಿಯ ಕಪ್ಪು ಅಂಟಿನಿಂದ ಸುತ್ತಲೂ ಅಂಟಿಸಿರುತ್ತಾರೆ. ನೋಡುವುದಕ್ಕೆ ಪ್ಯಾಕಿಂಗಿಗೆ ಬಳಸಿದ ಕವರಿನಂತೆ ಕಾಣುವ ಈ ಹಾಳೆಯೇ ಒದ್ದೆ ಬದಿಗೂ ಒಣ ಬದಿಗೂ ಇರುವ ಗಡಿ. ಅದರ ಕೆಳ ಅಂಚನ್ನು ಹಲವು ಕಾರುಗಳಲ್ಲಿ ಒಳ ತಗಡಿನ ಸೀಳಿನೊಳಕ್ಕೆ ತೂರಿಸಿರುತ್ತಾರೆ. ಹಾಳೆಯ ಮೇಲೆ ಬಿದ್ದ ಹನಿ ಅದರ ಮೇಲೆಯೇ ಜಾರಿ ಮತ್ತೆ ಬಾಗಿಲಿನ ಟೊಳ್ಳಿಗೇ ಬೀಳಲಿ ಎಂಬುದು ಇದರ ಉದ್ದೇಶ. ಅಡಿಕೆ ತೋಟದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕೊಳೆ ರೋಗ ಬಾರದಂತೆ ಗೊನೆಗೆ ಕಟ್ಟುವ ಕೊಟ್ಟೆ ಮೇಲಿನಿಂದ ಬಿಗಿಯಾಗಿ ಮುಚ್ಚಿರುತ್ತದೆ, ಕೆಳಗೆ ತೆರೆದೇ ಇರುತ್ತದೆ.

ಪ್ಯಾಡು ಬಿಚ್ಚಿದಾಗ ಕಂಡದ್ದು

ಕಾಲಡಿಯ ಒದ್ದೆಗೆ ಬಾಗಿಲೇ ಕಾರಣ ಎಂದು ಮೊದಲೇ ತೀರ್ಮಾನಿಸುವುದು ಸರಿಯಲ್ಲ. ಎ.ಸಿ.ಯ ನೀರು ಹೋಗುವ ಪೈಪು ಕಟ್ಟಿಕೊಂಡರೂ, ವೈಪರಿನ ಕೆಳಗಿನ ತೊಟ್ಟಿಯಲ್ಲಿ ಎಲೆ ತುಂಬಿದರೂ ಅದೇ ಜಾಗ ಒದ್ದೆಯಾಗುತ್ತದೆ. ಈ ಕಾರಿನಲ್ಲಿ ಎ.ಸಿ. ಹಾಕದ ದಿನವೂ ಒದ್ದೆ ಇತ್ತು, ತೊಟ್ಟಿ ಸ್ವಚ್ಛವಾಗಿತ್ತು. ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿ ಎಬ್ಬಿಸಿ ನೋಡಿದಾಗ ಅದರ ಅಡಿಯಲ್ಲಿ ಕೆಮ್ಮಣ್ಣಿನ ನೀರು ಹರಿದ ಗೆರೆಗಳು ಕಂಡವು. ಬಾಗಿಲಿನ ಸುತ್ತಣ ರಬ್ಬರ್ ಬೀಡಿಂಗಿನ ಹಿಡಿತವನ್ನು ಕಾಗದದ ಚೂರು ಸಿಕ್ಕಿಸಿ ಎಳೆದು ಪರೀಕ್ಷಿಸಲಾಯಿತು. ಎಲ್ಲ ಕಡೆಯೂ ಕಾಗದ ಬಿಗಿಯಾಗಿಯೇ ಬಂತು. ಅಲ್ಲಿಗೆ ನೀರು ಬೀಡಿಂಗನ್ನು ದಾಟಿ ಬರುತ್ತಿಲ್ಲ, ಬಾಗಿಲಿನ ಒಳಗಿನಿಂದಲೇ ಬೀಡಿಂಗಿನ ಈಚೆಗೆ ಇಳಿಯುತ್ತಿದೆ ಎಂಬುದು ಖಚಿತವಾಯಿತು.

ಎಡ ಮುಂಬಾಗಿಲಿನ ಪ್ಯಾಡು ತೆಗೆದಾಗ ಮೊದಲು ಕೈಗೆ ಸಿಕ್ಕಿದ್ದು ನೀರು ಕುಡಿದು ಭಾರವಾದ ಸ್ಪಂಜು. ಪ್ಯಾಡಿನ ಬೆನ್ನಿಗೆ ಅಂಟಿಸಿದ್ದ ಅದು ತೆರೆದ ರಂಧ್ರಗಳ ಫೋಮು. ಸದ್ದನ್ನು ಚೆನ್ನಾಗಿಯೇ ಹೀರುತ್ತದೆ, ನೀರನ್ನು ಅದಕ್ಕಿಂತ ಚೆನ್ನಾಗಿ. ಕಂಪನಿಯ ಪ್ಲಾಸ್ಟಿಕ್ ಹಾಳೆ ಮಾಯವಾಗಿತ್ತು. ಅದರ ಬದಲಿಗೆ ಒಳ ತಗಡಿನ ಕಿಂಡಿಗಳ ಮೇಲೆ ಅಲ್ಯೂಮಿನಿಯಂ ಮುಖದ ಹಾಳೆಗಳನ್ನು ಅಂಟಿಸಲಾಗಿತ್ತು. ಇದೊಂದೇ ಆಗಿದ್ದರೆ ತಪ್ಪೆಂದು ಹೇಳಲಾಗದು, ಅಂಚು ಪೂರ್ತಿ ಕಚ್ಚಿಕೊಂಡರೆ ಆ ಹಾಳೆಯೂ ನೀರನ್ನು ತಡೆಯುತ್ತದೆ. ಆದರೆ ಇಲ್ಲಿ ದೊಡ್ಡ ಕಿಂಡಿಯ ಮೇಲಿನ ಹಾಳೆ ತನ್ನ ಭಾರಕ್ಕೇ ಜೋತು, ಕೆಳ ಅಂಚು ಬಿಟ್ಟುಕೊಂಡು, ನೀರನ್ನು ನೇರವಾಗಿ ಕೋಣೆಯ ಕಡೆಗೆ ಸುರಿಯುವ ತೂಬಾಗಿತ್ತು. ಪ್ಯಾಡಿನ ಕ್ಲಿಪ್ಪುಗಳನ್ನು ಹೊಸದಾಗಿ ಹಾಕಿದ್ದರು, ಅವುಗಳ ಕುತ್ತಿಗೆಯಲ್ಲಿರಬೇಕಾದ ಬಳೆಯಂಥ ಮೆತ್ತನೆಯ ವಾಷರ್ ಇರಲಿಲ್ಲ. ಆ ಬಳೆ ಅಲಂಕಾರಕ್ಕೆ ಇರುವುದಲ್ಲ. ಕ್ಲಿಪ್ಪಿನ ತೂತನ್ನು ನೀರಿಗೆ ಮುಚ್ಚುವುದೂ ಅದೇ, ಪ್ಯಾಡು ತಗಡಿಗೆ ಬಡಿಯದಂತೆ ಹಿಡಿಯುವುದೂ ಅದೇ.

ಹೊರ ತಗಡಿನ ಒಳಮೈಯನ್ನು ಟಾರ್ಚು ಹಾಕಿ ನೋಡಿದಾಗ ಕುಲುಕುವ ಸದ್ದಿನ ಕಾರಣ ಸಿಕ್ಕಿತು. ಅಲ್ಲಿ ಬಳಸಿದ್ದು ಬ್ಯುಟೈಲ್ ಅಲ್ಲ, ಟಾರಿನ ಜಾತಿಯ ಅಗ್ಗದ ಹಾಳೆ. ಬೇಸಿಗೆಯ ಬಿಸಿಲಿಗೆ ಅದು ಮೆತ್ತಗಾಗಿ, ಹಿಡಿತ ತಪ್ಪಿ, ಜಾರಿ ಬಾಗಿಲಿನ ತಳಕ್ಕೆ ಬಂದು ಮುಂದಿನ ತೂತನ್ನು ಪೂರ್ತಿಯಾಗಿ ಮುಚ್ಚಿತ್ತು. ನಡುವಿನ ತೂತು ಕೆಸರು ಮತ್ತು ಕೊಳೆತ ಎಲೆಯಿಂದ ಕಟ್ಟಿಕೊಂಡಿತ್ತು. ಹಿಂದಿನ ತೂತೊಂದೇ ತೆರೆದಿತ್ತಾದರೂ ಘಾಟಿ ಇಳಿಯುವಾಗ ನೀರೆಲ್ಲ ಮುಂದಕ್ಕೆ ಬರುತ್ತದೆ, ಅಲ್ಲಿ ದಾರಿಯಿಲ್ಲದೆ ಮೇಲೇರಿ ಕಿಂಡಿಯ ಕೆಳ ಅಂಚನ್ನು ಮುಟ್ಟುತ್ತದೆ. “ಮೇಷ್ಟ್ರೇ, ಬಾಗ್ಲಿಗೆ ನೀರು ಬಂದೇ ಬರ್ತದೆ. ಅದು ಹೋಗೋ ದಾರಿ ಎಲ್ಲಿ ಅಂತ ನೋಡ್ಬೇಕಿತ್ತು,” ಎಂದು ಮೆಕ್ಯಾನಿಕ್ ಹೇಳಿ, ಸ್ಕ್ರೂಡ್ರೈವರಿನಿಂದ ಮುಚ್ಚಿಹೋಗಿದ್ದ ತೂತನ್ನು ಚುಚ್ಚಿದಾಗ ಹೊರಬಿದ್ದ ಕಂದು ನೀರು ಗ್ಯಾರೇಜಿನ ನೆಲದಲ್ಲಿ ಸಾಕಷ್ಟು ದೂರ ಹರಿಯಿತು.

ಸ್ವಿಚ್ಚಿನ ತೊಂದರೆಗೆ ಕಾರಣ ವೈರಿನ ದಾರಿ. ಕಿಂಡಿ ದಾಟಿ ಬರುವ ವೈರು ಒದ್ದೆ ಬದಿಯಲ್ಲಿ ಒಮ್ಮೆ ಕೆಳಕ್ಕೆ ಜೋತು, ಆಮೇಲೆ ಮೇಲೇರಿ ಒಳಗೆ ಬರಬೇಕು. ಆಗ ವೈರಿನ ಮೇಲೆ ಹರಿದ ಹನಿ ಆ ಜೋಲಿನ ತುದಿಯಲ್ಲಿ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಇಲ್ಲಿ ವೈರನ್ನು ನೀಟಾಗಿ ಕಾಣಲೆಂದು ಎಳೆದು ಕಟ್ಟಿದ್ದರಿಂದ ಅದು ಮೇಲಿನಿಂದ ನೇರವಾಗಿ ಸ್ವಿಚ್ಚಿನತ್ತ ಇಳಿಯುತ್ತಿತ್ತು. ಸ್ವಿಚ್ಚಿನ ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿದಿತ್ತು.

ಸದ್ದುಗಳನ್ನು ಬೇರೆ ಬೇರೆ ಮಾಡಿದ್ದು

ನೀರಿನ ಲೆಕ್ಕ ಬಗೆಹರಿದರೂ ಗಡಗಡ ಸದ್ದಿಗೆ ಉತ್ತರ ಸಿಕ್ಕಿರಲಿಲ್ಲ. ಮೊದಲಿನ ಕೆಲಸದ ದೊಡ್ಡ ಕೊರತೆ ನನಗೆ ಕಂಡಂತೆ ಇದು: ಎರಡು ಬೇರೆ ಬೇರೆ ರೋಗಗಳಿಗೆ ಅಲ್ಲಿ ಒಂದೇ ಮದ್ದು ಹಾಕಿದ್ದರು. ತೆಳು ತಗಡು ತಾನೇ ಕಂಪಿಸಿ ಡಬ್ಬದಂತೆ ಮೊಳಗುವುದು ಒಂದು ಬಗೆಯ ಸದ್ದು. ಎರಡು ಗಟ್ಟಿ ವಸ್ತುಗಳು ಸಡಿಲವಾಗಿ ಒಂದಕ್ಕೊಂದು ಬಡಿದುಕೊಳ್ಳುವುದು ಇನ್ನೊಂದು. ಡ್ಯಾಂಪಿಂಗ್ ಹಾಳೆ ಮೊದಲನೆಯದಕ್ಕೆ ಮಾತ್ರ ಮದ್ದು. ಎರಡನೆಯದನ್ನು ಅದು ಗುಣಪಡಿಸುವುದಿಲ್ಲ. ಬಾಗಿಲು ಮೊಳಗುವುದು ನಿಂತ ಮೇಲೆ ಬಡಿತ ಇನ್ನಷ್ಟು ಸ್ಪಷ್ಟವಾಗಿ ಕಿವಿಗೆ ಬೀಳುವುದೂ ಉಂಟು. ಬೇಸಿಗೆಯಲ್ಲಿ ಖುಷಿಯಾಗಿದ್ದ ಮೇಷ್ಟ್ರಿಗೆ ಮಳೆಗಾಲದ ಹೊತ್ತಿಗೆ ಸದ್ದು ಹೆಚ್ಚಾಯಿತೆಂದು ಅನಿಸಿದ್ದಕ್ಕೆ, ಹೊಂಡ ಬಿದ್ದ ರಸ್ತೆಯ ಜೊತೆಗೆ, ಇದೂ ಕಾರಣ.

ಹುಡುಕುವ ಕೆಲಸ ಎಂಜಿನ್ ಚಾಲೂ ಮಾಡಿ ಕಾರು ನಿಂತಲ್ಲಿಯೇ ಆರಂಭವಾಯಿತು. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಬಾರಿ ಸಿಡಿಯುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡಲಿನಲ್ಲಿ ಅದು ಸೆಕೆಂಡಿಗೆ ಸುಮಾರು 27 ಬಡಿತ. ಈ ನಿಧಾನದ ನಡುಕಕ್ಕೆ ಸ್ಪಂದಿಸುವುದು ಸಾಮಾನ್ಯವಾಗಿ ಉದ್ದನೆಯ, ಸಡಿಲವಾದ ಭಾಗ. ಪ್ಯಾಡಿಲ್ಲದ ಬಾಗಿಲಿನೊಳಗೆ ಒಂದೊಂದೇ ಭಾಗವನ್ನು ಬೆರಳಿನಿಂದ ಹಿಡಿದು ನೋಡಿದಾಗ ಲಾಕ್ ರಾಡು ಸಿಕ್ಕಿಬಿತ್ತು. ಅದನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಂಡಿ ಮುರಿದು, ರಾಡು ಬಾಗಿಲಿನ ಅಡ್ಡ ಉಕ್ಕಿನ ತೊಲೆಗೆ ತಾಗಿ ಟಕಟಕ ಎನ್ನುತ್ತಿತ್ತು. ಮುಂದಿನ ಹಂತದಲ್ಲಿ ಎಂಜಿನ್ ನಿಲ್ಲಿಸಿ, ಮೊಬೈಲಿನಿಂದ ಕಾರಿನ ಸ್ಪೀಕರಿಗೆ 40ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಒಂಟಿ ಸ್ವರವನ್ನು ಕೊಡಲಾಯಿತು. ಯಾವ ಕಂಪನಕ್ಕೆ ಯಾವ ಭಾಗ ಎದ್ದು ಕುಣಿಯುತ್ತದೆ ಎಂಬುದು ಇದರಿಂದ ತಿಳಿಯುತ್ತದೆ, ರಸ್ತೆಯಲ್ಲಿ ಕಿವಿಗೊಟ್ಟು ಊಹಿಸುವ ಕಷ್ಟ ತಪ್ಪುತ್ತದೆ. ಹೀಗೆ ವೈರಿನ ಒಂದು ಪ್ಲಗ್ಗು ತಗಡಿಗೆ ಬಡಿಯುತ್ತಿದ್ದುದೂ, ಸ್ಪೀಕರಿನ ಬಳೆಯ ಒಂದು ಸ್ಕ್ರೂ ಕಚ್ಚದೆ ಸುಮ್ಮನೆ ಕುಳಿತಿದ್ದುದೂ ಗೊತ್ತಾಯಿತು.

ಎಲ್ಲಕ್ಕಿಂತ ಮುಖ್ಯವಾದದ್ದು ಅಂಗೈಯಿಂದ ಹೊರ ತಗಡನ್ನು ತಟ್ಟಿದಾಗ ತಿಳಿಯಿತು. ಅಪಘಾತದ ರಕ್ಷಣೆಗೆಂದು ಬಾಗಿಲಿನೊಳಗೆ ಇರುವ ಉಕ್ಕಿನ ತೊಲೆಗೂ ಹೊರ ತಗಡಿಗೂ ನಡುವೆ ಕಾರ್ಖಾನೆಯಲ್ಲಿ ಮೆತ್ತನೆಯ ಅಂಟಿನ ಮುದ್ದೆಗಳನ್ನು ಇಟ್ಟಿರುತ್ತಾರೆ; ತಗಡು ಗಾಳಿಗೂ ನಡುಕಕ್ಕೂ ಪಟಪಟಿಸದಂತೆ ಅವು ತಡೆಯುತ್ತವೆ. ವರ್ಷಗಳು ಕಳೆದಂತೆ ಇವು ಒಣಗಿ ತಗಡಿನಿಂದ ಬಿಟ್ಟುಕೊಳ್ಳುತ್ತವೆ. ಈ ಕಾರಿನ ಎರಡೂ ಮುಂಬಾಗಿಲುಗಳಲ್ಲಿ ಅವು ಪೂರ್ತಿ ಬಿಟ್ಟಿದ್ದವು. ಗಾಜನ್ನು ಅರ್ಧ ಇಳಿಸಿದಾಗ ಬರುತ್ತಿದ್ದ ಕಿರಕಿರ ಸದ್ದು, ಪೂರ್ತಿ ಏರಿಸಿದರೆ ನಿಲ್ಲುತ್ತಿದ್ದುದರಿಂದ, ಗಾಜು ಜಾರುವ ರಬ್ಬರ್ ಚಾನಲ್ಲಿನದು ಎಂದು ಪರೀಕ್ಷೆಯಿಲ್ಲದೆಯೇ ಹೇಳಬಹುದಿತ್ತು.

ಮಾಡಿದ ಕೆಲಸ

ಮೊದಲು ಎಲ್ಲವನ್ನೂ ಕಿತ್ತು ಹಾಕಬೇಕಾಯಿತು. ಟಾರು ಹಾಳೆಯನ್ನು ಬಿಸಿಗಾಳಿಯ ಗನ್ನಿನಿಂದ ಕಾಯಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸುವುದು ಇಡೀ ಕೆಲಸದ ಅತ್ಯಂತ ಬೇಸರದ ಭಾಗ, ಅದರ ವರ್ಣನೆ ಇಲ್ಲಿ ಬೇಡ. ಬಾಗಿಲಿನ ತಳದಲ್ಲಿ ಹೊರ ತಗಡು ಒಳ ತಗಡಿನ ಮೇಲೆ ಮಡಚಿಕೊಳ್ಳುವ ಅಂಚಿನಲ್ಲಿ ತುಕ್ಕು ಆರಂಭವಾಗಿತ್ತು, ತೂತು ಬಿದ್ದಿರಲಿಲ್ಲ. ಬಿರುಸು ಬ್ರಷ್ಷಿನಿಂದ ಉಜ್ಜಿ, ತುಕ್ಕು ತಡೆಯುವ ದ್ರಾವಣ ಹಚ್ಚಿ, ಪ್ರೈಮರ್ ಬಳಿಯಲಾಯಿತು.

ಮಳೆಗಾಲದಲ್ಲಿ ಈ ಕೆಲಸಕ್ಕೆ ನಿಜವಾದ ಅಡ್ಡಿ ಗಾಳಿಯ ತೇವ. ಕಣ್ಣಿಗೆ ಒಣಗಿದಂತೆ ಕಾಣುವ ತಗಡಿನ ಮೇಲೂ ತೆಳುವಾದ ತೇವ ಕುಳಿತಿರುತ್ತದೆ, ಅದರ ಮೇಲೆ ಅಂಟಿಸಿದ ಬ್ಯುಟೈಲ್ ಆ ಹೊತ್ತಿಗೆ ಹಿಡಿದಂತೆ ತೋರಿ ಕೆಲವೇ ವಾರಗಳಲ್ಲಿ ಅಂಚು ಬಿಡುತ್ತದೆ. ಬಾಗಿಲುಗಳನ್ನು ತೆರೆದಿಟ್ಟು ರಾತ್ರಿಯಿಡೀ ಫ್ಯಾನು ಮತ್ತು ಹ್ಯಾಲೊಜನ್ ದೀಪ ಹಾಕಿಡಲಾಯಿತು. ಅಂಟಿಸುವ ಮುನ್ನ ತಗಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಕೈಗೆ ಬೆಚ್ಚಗೆನಿಸುವಷ್ಟು ಕಾಯಿಸಲಾಯಿತು. ಸೀಮೆಎಣ್ಣೆ ಒರೆಸುವ ರೂಢಿ ನಮ್ಮ ಗ್ಯಾರೇಜುಗಳಲ್ಲಿದೆ, ಆದರೆ ಅದು ಬಿಟ್ಟುಹೋಗುವ ಜಿಡ್ಡಿನ ಮೇಲೆ ಯಾವ ಅಂಟೂ ನಿಲ್ಲದು.

ಹೊರ ತಗಡಿಗೆ 2 ಮಿ.ಮೀ. ದಪ್ಪದ, ಅಲ್ಯೂಮಿನಿಯಂ ಮುಖದ ಬ್ಯುಟೈಲ್ ಹಾಳೆಯನ್ನು ಬಳಸಲಾಯಿತು, ಅದೂ ತಗಡಿನ ಮೂರನೇ ಒಂದು ಭಾಗದಷ್ಟಕ್ಕೆ ಮಾತ್ರ. ತಗಡು ಹೆಚ್ಚು ಕಂಪಿಸುವುದು ಆಧಾರವಿಲ್ಲದ ನಡುಭಾಗದಲ್ಲಿ. ಅಲ್ಲಿ ಬಿಗಿಯಾಗಿ ಅಂಟಿಸಿ ರೋಲರಿನಿಂದ ಗಾಳಿ ಉಳಿಯದಂತೆ ಒತ್ತಿದರೆ ಮೊಳಗು ಹೆಚ್ಚೂಕಡಿಮೆ ನಿಲ್ಲುತ್ತದೆ, ಉಳಿದೆಡೆ ಹಾಕಿದ್ದು ಬಾಗಿಲಿನ ಕೀಲುಗಳಿಗೆ ಭಾರವಾಗುವುದೇ ಹೆಚ್ಚು. ಹಾಳೆಯ ಮೇಲಂಚಿಗೆ ಅಲ್ಯೂಮಿನಿಯಂ ಟೇಪು ಹಾಕಲಾಯಿತು, ಏಕೆಂದರೆ ಇಳಿಯುವ ನೀರು ಹಾಳೆಯ ಬೆನ್ನಿಗೆ ಸೇರುವುದು ಆ ಅಂಚಿನಿಂದಲೇ. ತಳದಿಂದ ನಾಲ್ಕು ಬೆರಳಷ್ಟು ಜಾಗವನ್ನು ಬರಿದಾಗಿಯೇ ಬಿಡಲಾಯಿತು.

ತೊಲೆ ಮತ್ತು ತಗಡಿನ ನಡುವೆ ಒಣಗಿದರೂ ಗಟ್ಟಿಯಾಗದ ಸೀಲೆಂಟನ್ನು ಮುದ್ದೆ ಮುದ್ದೆಯಾಗಿ, ನಡುವೆ ಸಂದು ಬಿಟ್ಟು ಇಡಲಾಯಿತು. ಉದ್ದಕ್ಕೂ ಒಂದೇ ಗೆರೆಯಾಗಿ ಎಳೆದರೆ ಅದೇ ಒಂದು ಕಟ್ಟೆಯಾಗಿ ಅದರ ಮೇಲೆ ನೀರು ನಿಲ್ಲುತ್ತದೆ. ಹೆಚ್ಚು ತುಂಬಿದರೆ ಒಣಗುವಾಗ ತಗಡನ್ನು ಎಳೆದು ಹೊರಗಿನಿಂದ ಗುಳಿ ಬಿದ್ದಂತೆ ಕಾಣುತ್ತದೆ, ಆಮೇಲೆ ಟಿಂಕರಿಂಗ್ ಅಂಗಡಿಯ ದಾರಿ ಹಿಡಿಯಬೇಕು. ಲಾಕ್ ರಾಡಿಗೆ ಹೊಸ ಕೊಂಡಿ ಹಾಕಿ, ತೊಲೆಗೆ ತಾಗುವ ಜಾಗದಲ್ಲಿ ವೈರಿಗೆ ಸುತ್ತುವ ಬಟ್ಟೆಯ ಟೇಪು ಸುತ್ತಲಾಯಿತು, ಪ್ಲಗ್ಗಿಗೂ ಅದನ್ನೇ. ಗಾಜಿನ ಚಾನಲ್ಲಿಗೆ ಸಿಲಿಕೋನ್ ಸ್ಪ್ರೇ ಹೊಡೆಯಲಾಯಿತು. ಇಲ್ಲಿ ಎಂಜಿನ್ ಆಯಿಲ್ ಅಥವಾ ಗ್ರೀಸು ಬಳಸಿದರೆ ಆ ದಿನಕ್ಕೆ ಸದ್ದು ನಿಲ್ಲುತ್ತದೆ, ರಬ್ಬರು ಉಬ್ಬಿ ಹಾಳಾಗುತ್ತದೆ.

ನೀರಿನ ಗಡಿಯನ್ನು ಹೊಸದಾಗಿ ಕಟ್ಟುವುದು ಉಳಿದಿತ್ತು. ಕಂಪನಿಯ ಹಾಳೆ ತರಿಸಲು ಕಾಯಬೇಕಾಗಿತ್ತು, ಆದ್ದರಿಂದ ದಪ್ಪ ಪಾಲಿಥೀನ್ ಹಾಳೆಯನ್ನು ಒಳ ತಗಡಿನ ಮೇಲೆ ಹಿಡಿದು, ಹಳೆಯ ಅಂಟಿನ ಗುರುತು ನೋಡಿಕೊಂಡು ಕತ್ತರಿಸಲಾಯಿತು. ಹಗ್ಗದ ರೂಪದಲ್ಲಿ ಸಿಗುವ ಬ್ಯುಟೈಲ್ ಅಂಟನ್ನು ಎರಡು ಬದಿಗೂ ಮೇಲ್ಭಾಗಕ್ಕೂ ಎಲ್ಲಿಯೂ ತುಂಡಾಗದಂತೆ ಕೊಟ್ಟು, ಕೆಳ ಅಂಚನ್ನು ಒಳ ತಗಡಿನ ಸೀಳಿನಿಂದ ಟೊಳ್ಳಿಗೆ ಇಳಿಬಿಡಲಾಯಿತು. ವೈರಿಗೆ ಒದ್ದೆ ಬದಿಯಲ್ಲಿ ಜೋಲು ಕೊಟ್ಟು, ಹಾಳೆಯನ್ನು ದಾಟುವ ಜಾಗದಲ್ಲಿ ಅಂಟು ಮೆತ್ತಲಾಯಿತು. ಅಂಟಿನಿಂದ ಕೂರಿಸಿದ ಹಾಳೆಯನ್ನು ನಾಳೆ ಮೋಟರ್ ಕೆಟ್ಟರೆ ಎಬ್ಬಿಸಿ ಮತ್ತೆ ಕೂರಿಸಬಹುದು. ಅಲ್ಯೂಮಿನಿಯಂ ಹಾಳೆಯಿಂದ ಕಿಂಡಿ ಮುಚ್ಚಿದರೆ ಪ್ರತಿ ರಿಪೇರಿಗೂ ಹರಿಯಬೇಕಾಗುತ್ತದೆ. ಸ್ಪೀಕರಿನ ಬೆನ್ನಿಗೆ ಮೇಲಿನಿಂದ ಪ್ಲಾಸ್ಟಿಕ್ಕಿನ ಸಣ್ಣ ಮಾಡು ಮಾಡಲಾಯಿತು.

ಫೋಮು ಬಂದದ್ದು ಆಮೇಲೆ, ಒಣ ಬದಿಯಲ್ಲಿ ಮಾತ್ರ: ಮುಚ್ಚಿದ ರಂಧ್ರಗಳ, ನೀರು ಕುಡಿಯದ 5 ಮಿ.ಮೀ. ಹಾಳೆ, ಪ್ಯಾಡಿನ ಬೆನ್ನಿಗೆ. ಕ್ಲಿಪ್ಪುಗಳ ಸುತ್ತ ಜಾಗ ಬಿಡದಿದ್ದರೆ ಪ್ಯಾಡು ಪೂರ್ತಿ ಕೂರುವುದಿಲ್ಲ, ಅದೇ ಹೊಸ ಸದ್ದಿಗೆ ಕಾರಣವಾಗುತ್ತದೆ. ಕ್ಲಿಪ್ಪುಗಳೆಲ್ಲ ವಾಷರ್ ಇರುವವು. ಮಡಿಕೆಯ ಅಂಚಿಗೆ ತುಕ್ಕು ತಡೆಯುವ ಮೇಣವನ್ನು ತಳದ ತೂತುಗಳ ಮೂಲಕ ಸಿಂಪಡಿಸಿದ್ದು ಎಲ್ಲ ಅಂಟಿಸುವ ಕೆಲಸ ಮುಗಿದ ಮೇಲೆ. ಮೊದಲೇ ಹೊಡೆದರೆ ಏನೂ ಅಂಟುವುದಿಲ್ಲ. ಹೊಡೆದ ಮೇಲೆ ತೂತುಗಳನ್ನು ತಂತಿಯಿಂದ ಮತ್ತೊಮ್ಮೆ ಬಿಡಿಸಲಾಯಿತು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಈ ಕಾರಿನ ಬಾಗಿಲುಗಳಲ್ಲಿ ಏರ್‌ಬ್ಯಾಗಿನ ಸೆನ್ಸರ್ ಇರಲಿಲ್ಲ. ಈಚಿನ ಕೆಲವು ಕಾರುಗಳಲ್ಲಿ ಬಾಗಿಲಿನ ಟೊಳ್ಳಿನ ಗಾಳಿಯ ಒತ್ತಡ ಹಠಾತ್ತನೆ ಏರುವುದನ್ನು ಗಮನಿಸಿ ಪಕ್ಕದ ಏರ್‌ಬ್ಯಾಗನ್ನು ಬಿಡುಗಡೆ ಮಾಡುವ ಸೆನ್ಸರ್ ಇರುತ್ತದೆ. ಅಂಥ ಬಾಗಿಲಿನ ಒಳ ಮುಚ್ಚಿಗೆಯನ್ನು ಬದಲಾಯಿಸುವುದಾಗಲಿ, ಕಿಂಡಿಯನ್ನು ತೆರೆದಿಡುವುದಾಗಲಿ ಕೂಡದು. ಕಂಪನಿಯ ಹಾಳೆಯನ್ನೇ ತರಿಸಿ, ಅದು ಇದ್ದ ಹಾಗೆಯೇ ಕೂರಿಸಬೇಕು.

ಫಲಿತಾಂಶ

ಪ್ಯಾಡು ಹಾಕುವ ಮೊದಲು ಪ್ರತಿ ಬಾಗಿಲಿನ ಗಾಜಿನ ಮೇಲೆ ಪೈಪಿನಿಂದ ನೀರು ಬಿಟ್ಟು ನೋಡಲಾಯಿತು. ತಳದ ತೂತುಗಳೆಲ್ಲ ಸುರಿದವು, ಹಾಳೆಯ ಈಚೆ ಒರೆಸಿದ ಕಾಗದ ಒಣಗಿಯೇ ಇತ್ತು. ಕಾರ್ಪೆಟ್ಟನ್ನು ಅದರ ಕೆಳಗಿನ ಮೆತ್ತೆಯ ಸಮೇತ ಹೊರತೆಗೆದು ಒಣಗಿಸಿದ್ದರಿಂದ ವಾಸನೆ ಹೋಯಿತು. ಮೇಲಿಂದ ಒಣಗಿಸಿದ್ದರೆ ಹೋಗುತ್ತಿರಲಿಲ್ಲ. ಮರುವರ್ಷ ಆರಿದ್ರಾದಿಂದ ಆಶ್ಲೇಷದವರೆಗೆ ಕಾರು ಅದೇ ಅಂಗಳದಲ್ಲಿ ನೆನೆದ ಮೇಲೆ ಎಡ ಮುಂಬಾಗಿಲನ್ನು ತೆರೆದು ನೋಡಿದಾಗ ಫೋಮು ಒಣಗಿತ್ತು, ಬ್ಯುಟೈಲ್ ಅಂಚು ಬಿಟ್ಟಿರಲಿಲ್ಲ. ನಡುವಿನ ತೂತಿನಲ್ಲಿ ಮಾತ್ರ ಮತ್ತೆ ಕೆಮ್ಮಣ್ಣು ಸೇರಿಕೊಂಡಿತ್ತು. ಮಳೆಗಾಲಕ್ಕೆ ಮೊದಲೊಮ್ಮೆ, ನಡುವೆ ಒಮ್ಮೆ ತಂತಿ ಹಾಕಿ ಅದನ್ನು ಬಿಡಿಸುವುದು ಈಗ ಮೇಷ್ಟ್ರ ಮಗನ ಕೆಲಸ.

ಸದ್ದಿನ ವಿಷಯದಲ್ಲಿ ಮೊಬೈಲ್ ಆ್ಯಪಿನ ಡೆಸಿಬೆಲ್ ಅಂಕಿಗಳನ್ನು ಬೇಕೆಂದೇ ಬಳಸಲಿಲ್ಲ. ಫೋನನ್ನು ಇಡುವ ಜಾಗ, ರಸ್ತೆ, ವೇಗ ಬದಲಾದರೆ ಅಂಕಿಯೂ ಬದಲಾಗುತ್ತದೆ, ಗಡಗಡ ಸದ್ದು ಕಾಡುವುದು ಅದರ ಜೋರಿನಿಂದಲೂ ಅಲ್ಲ. ಐಡಲಿನ ಟಕಟಕ ಮತ್ತು ಹೊರ ತಗಡಿನ ಪಟಪಟ ಪೂರ್ತಿ ನಿಂತವು, ಬಾಗಿಲು ಹಾಕುವ ಸದ್ದು ಮತ್ತೆ ಭಾರವಾಯಿತು. ಇವುಗಳಲ್ಲಿ ಹೆಚ್ಚಿನವನ್ನು ಗುಣಪಡಿಸಿದ್ದು ಕೊಂಡಿ, ಟೇಪು, ವಾಷರ್, ಸೀಲೆಂಟ್ ಮುದ್ದೆಗಳಂಥ ಅಗ್ಗದ ವಸ್ತುಗಳು. ದುಬಾರಿಯಾದ ಹಾಳೆಯ ಪಾಲು ಇದ್ದುದು ಮೊಳಗಿನಲ್ಲಿ ಮತ್ತು ಸ್ಪೀಕರಿನ ದನಿಯಲ್ಲಿ. ಟೈರಿನ ಗುಂಯ್ ಎನ್ನುವ ಸದ್ದು ಬಹುಮಟ್ಟಿಗೆ ಹಾಗೆಯೇ ಉಳಿಯಿತು, ಅದು ನೆಲದಿಂದಲೂ ಚಕ್ರದ ಕಮಾನಿನಿಂದಲೂ ಬರುವಂಥದ್ದು. ನೆಲಕ್ಕೂ ಹಾಳೆ ಹಾಕಿಸಲೇ ಎಂದು ಮೇಷ್ಟ್ರು ಕೇಳಿದಾಗ, ಸವೆದು ಒರಟಾದ ಟೈರುಗಳನ್ನು ಮೊದಲು ಬದಲಾಯಿಸಿ ನೋಡುವಂತೆ ಸೂಚಿಸಲಾಯಿತು.

ಬಲ ಹಿಂಬಾಗಿಲಿನಲ್ಲಿ ಎಂಜಿನ್ 2,000 ಸುತ್ತಿನ ಆಸುಪಾಸಿನಲ್ಲಿ ಇರುವಾಗ ಸಣ್ಣ ಝೇಂಕಾರವೊಂದು ಇನ್ನೂ ಕೇಳಿಸುತ್ತದೆ. ಪ್ಯಾಡಿನ ಬಟ್ಟೆಯ ಭಾಗವನ್ನು ಪ್ಲಾಸ್ಟಿಕ್ ಭಾಗಕ್ಕೆ ಬೆಸೆದಿದ್ದ ಗುಂಡಿಗಳಲ್ಲಿ ಎರಡು ಮುರಿದಿವೆ, ಸದ್ದು ಅಲ್ಲಿಂದಲೇ ಬರುತ್ತಿದೆ. ಬಿಸಿ ಅಂಟಿನಿಂದ ಹಿಡಿಸಿದ್ದು ಬೇಸಿಗೆಯಲ್ಲಿ ಬಿಟ್ಟುಕೊಂಡಿತು. ಹೊಸ ಪ್ಯಾಡಿನ ಬೆಲೆ ಕೇಳಿದ ಮೇಲೆ, ಶಿವಮೊಗ್ಗದ ಗುಜರಿಯಲ್ಲಿ ಹಳೆಯದು ಸಿಗುವ ತನಕ ಅದನ್ನು ಹಾಗೆಯೇ ಬಿಡುವುದೆಂದು ಮಾಲೀಕರು ತೀರ್ಮಾನಿಸಿದ್ದಾರೆ.